ಸಲೋಮವ್ವ ಕೇಳಿಕೊಂಡ ಕ್ಷಮೆ

ಪ್ರಿಯರೇ, ಯಾವುದೋ ಊರಿನ ಯಾರೋ ಶ್ರೀಮಂತನ ಕಥೆ ಎಂದು ಶುರು ಮಾಡಿದರೆ ಸಾಕು, ನೀವೆಲ್ಲ ಬೆನ್ನು ಒರಗಿಸಿ ಆರಾಮಾಗಿ ಕೂರುತ್ತೀರಿ. ನಾನು ಈ ಪ್ರಸಂಗಪೀಠದಿಂದ ನೋಡುತ್ತಿರುತ್ತೇನಲ್ಲ. ಶ್ರೀಮಂತನ ಕಥೆ ತಾನೇ, ಪೆಟ್ಟು ಬಿದ್ದರೆ ಅವನಿಗೆ ಬೀಳುತ್ತದೆ, ನಮಗೇನು ಎಂಬ ನೆಮ್ಮದಿ. ಇರಲಿ, ಒರಗಿಕೊಳ್ಳಿ. ನಾನು ಹೇಳುವ ಊರಿನಲ್ಲೂ ಒಬ್ಬ ಶ್ರೀಮಂತನಿದ್ದ. ಬೇಕರಿ ಇಟ್ಟುಕೊಂಡಿದ್ದ. ದೇವಾಲಯದ ಹೊಸ ಮಾಡು ಅವನು ಹಾಕಿಸಿಕೊಟ್ಟದ್ದು, ಕರ್ತನ ಭೋಜನದಲ್ಲಿ ಯೇಸುವಿನ ನೆನಪಿಗೆ ಮುರಿಯುವ ರೊಟ್ಟಿ ಬರುತ್ತಿದ್ದದ್ದೂ ಅವನ ಬೇಕರಿಯಿಂದಲೇ. ಅವನ ಹೆಸರನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಆ ಹೆಸರಿನವರು ಯಾರಾದರೂ ಇಲ್ಲಿದ್ದು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮಾಡಿಯಾರು.

ಆದರೆ ನೋಡಿ, ಈ ಕಥೆ ಅವನದಲ್ಲ. ಅವನ ಪಾಪವನ್ನು ಕಿವಿಯಲ್ಲಿ ತುಂಬಿಕೊಂಡು, ಮುಂದೇನು ಮಾಡಬೇಕೆಂದು ತಿಳಿಯದೆ ಒದ್ದಾಡಿದ ಒಬ್ಬ ಹೆಂಗಸಿನದು. ಆಕೆಯ ಹೆಸರು ಕೃಪಾವತಿ. ಊರಿನವರಿಗೆ ಕೃಪಾವತಿ ಅಕ್ಕಾರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದ ಮೇಲೆ ಆಕೆ ಸುಮ್ಮನೆ ಕೂರಲಿಲ್ಲ. ಪಟ್ಟಣದ ದೈವಜ್ಞಾನ ಕಾಲೇಜಿಗೆ ಹೋಗಿ ಆಪ್ತಸಮಾಲೋಚನೆಯ ತರಬೇತಿ ಪಡೆದು ಬಂದಳು. ಸಭೆಯವರು ಸಂತೋಷಪಟ್ಟು, ಮುರಿದ ಬೆಂಚುಗಳನ್ನು ಒಟ್ಟಿದ್ದ ಒಂದು ಖೋಲಿಯನ್ನು ಖಾಲಿ ಮಾಡಿಸಿ, ಎರಡು ಕುರ್ಚಿ ಹಾಕಿ, ಬಾಗಿಲಿಗೊಂದು ಪರದೆ ಕಟ್ಟಿಕೊಟ್ಟರು. ಗಂಡ ಹೆಂಡಿರ ಜಗಳ, ಮಕ್ಕಳ ಕುಡಿತ, ಓದಿನ ಭಯ, ಎಲ್ಲವೂ ಆ ಪರದೆಯ ಹಿಂದೆ ಬಂದು ಕೂರತೊಡಗಿದವು. ಆಕೆಗೆ ತರಬೇತಿಯಲ್ಲಿ ಕಲಿಸಿದ್ದ ಮೊದಲ ನಿಯಮ ಒಂದೇ: ಖೋಲಿಯಲ್ಲಿ ಕೇಳಿದ್ದು ಖೋಲಿಯಲ್ಲೇ ಇರಬೇಕು. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೊರಗೆ ಹೇಳಬಹುದು. ಒಳ್ಳೆಯ ನಿಯಮ. ಆ ನಿಯಮವಿಲ್ಲದಿದ್ದರೆ ಯಾರು ಬಾಯಿ ಬಿಟ್ಟಾರು ಹೇಳಿ? ನಮ್ಮ ಸಭೆಗಳಲ್ಲಿ ಗುಟ್ಟು ಎಷ್ಟು ದಿನ ಉಳಿಯುತ್ತದೆಂದು ನಾನು ನಿಮಗೆ ಹೇಳಿಕೊಡಬೇಕೇ?

ಇನ್ನೊಬ್ಬ ಹೆಂಗಸಿದ್ದಳು, ಸಲೋಮವ್ವ. ಗಂಡನನ್ನು ಕಳೆದುಕೊಂಡವಳು. ಸಭೆಯಲ್ಲಿ ಮದುವೆಯಾಗಲಿ, ದೀಕ್ಷಾಸ್ನಾನವಾಗಲಿ, ಒಲೆಯ ಮುಂದೆ ಇರುತ್ತಿದ್ದವಳು ಅವಳೇ. ಅವಳ ಕೈಗುಣ ಹಾಗಿತ್ತು. ಅವಳು ಮಾಡಿದ ಬದನೆಕಾಯಿ ಪಲ್ಯ ಉಂಡವರು ಆರಾಧನೆಯ ಪಾಠ ಮರೆತರೂ ಪಲ್ಯ ಮರೆಯುತ್ತಿರಲಿಲ್ಲ. ನೀವೂ ಅಂಥವರೇ, ನಗಬೇಡಿ.

ಆ ವರ್ಷ ಸುಗ್ಗಿ ಹಬ್ಬದ ದಿನ ಪ್ರೇಮಭೋಜನಕ್ಕೆ ಸಲೋಮವ್ವನದೇ ಅಡಿಗೆ. ಇಡೀ ಸಭೆ ಉಂಡಿತು. ಊಟದ ಮೇಲೆ ಭಾನುವಾರ ಶಾಲೆಯ ಮಕ್ಕಳಿಗೆ ಮಾತ್ರ ಶ್ರೀಮಂತನ ಕಡೆಯಿಂದ ಒಂದೊಂದು ಕ್ರೀಮ್ ಬನ್ನು. ಸಂಜೆಯಾಗುವಷ್ಟರಲ್ಲಿ ಮಕ್ಕಳಿಗೆ ವಾಂತಿ, ಭೇದಿ. ಆಸ್ಪತ್ರೆಯ ಅಂಗಳದ ತುಂಬ ತಾಯಂದಿರು. ದೇವರು ದೊಡ್ಡವನು, ಎಲ್ಲ ಮಕ್ಕಳೂ ಗುಣವಾಗಿ ಮನೆಗೆ ಬಂದವು. ಆದರೆ ಮಕ್ಕಳು ಬರುವ ಮುಂಚೆ ಮಾತು ಬಂದಿತ್ತು. ಶ್ರೀಮಂತನು ಆಸ್ಪತ್ರೆಯ ಅಂಗಳದಲ್ಲೇ ಶುರು ಮಾಡಿದ, ಮುಂದಿನ ಭಾನುವಾರ ಸಭೆಯ ಮುಂದೆ ನಿಂತೂ ಹೇಳಿದ. ತನ್ನ ಬನ್ನು ಅಂದೇ ಬೆಳಿಗ್ಗೆ ಮಾಡಿದ್ದು, ಅಡಿಗೆಮನೆಯಲ್ಲಿ ಏನು ಹೊಲಸು ಇತ್ತೋ ಅದನ್ನು ವಿಚಾರಿಸಿ ಎಂದ. ದೊಡ್ಡವರಿಗೆ ಯಾಕೆ ಏನೂ ಆಗಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಮಕ್ಕಳ ಹೊಟ್ಟೆ ಸೂಕ್ಷ್ಮ ಎಂದುಕೊಂಡರು, ಮುಗಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ, ಎಲ್ಲ ಸಭೆಯಲ್ಲೂ ಇರುತ್ತಾರೆ.

ಸಲೋಮವ್ವನನ್ನು ಆಮೇಲೆ ಯಾರೂ ಅಡಿಗೆಗೆ ಕರೆಯಲಿಲ್ಲ. ಹಿರಿಯರು ಅವಳ ಮನೆಗೆ ಹೋಗಿ, ನಿನ್ನನ್ನು ನೀನೇ ಪರೀಕ್ಷಿಸಿಕೊ, ಅಲ್ಲಿಯವರೆಗೆ ರೊಟ್ಟಿ ತೆಗೆದುಕೊಳ್ಳಲು ಕರ್ತನ ಮೇಜಿಗೆ ಬರುವುದು ಬೇಡ ಎಂದು ಮೆಲ್ಲಗೆ ಹೇಳಿ ಬಂದರು. ಮೆಲ್ಲಗೆ ಹೇಳಿದರು ನೋಡಿ. ಕತ್ತಿಗೆ ಬೆಣ್ಣೆ ಸವರಿದರೆ ಅದು ಕೊಯ್ಯುವುದಿಲ್ಲವೇ? ಅಂದಿನಿಂದ ಅವಳು ಕಡೆಯ ಬೆಂಚು ಹಿಡಿದಳು. ಎಲ್ಲರೂ ಎದ್ದು ಮೇಜಿನ ಕಡೆ ಹೋಗುವಾಗ ಅವಳೊಬ್ಬಳು ತಲೆ ತಗ್ಗಿಸಿ ಕೂತಿರುತ್ತಿದ್ದಳು.

ಕರ್ತನ ಭೋಜನದ ಮುಂಚಿನ ಶನಿವಾರ ಆ ಸಭೆಯಲ್ಲಿ ಸಿದ್ಧತೆಯ ಕೂಟ. ಮನಸ್ಸಿನಲ್ಲಿ ಭಾರವಿದ್ದವರು ಕೂಟ ಮುಗಿಸಿ ಕೃಪಾವತಿಯ ಖೋಲಿಗೆ ಹೋಗುವುದು ವಾಡಿಕೆಯಾಗಿತ್ತು. ಅಂಥ ಒಂದು ಶನಿವಾರ ಪರದೆ ಸರಿಸಿಕೊಂಡು ಶ್ರೀಮಂತನೇ ಒಳಗೆ ಬಂದ. ಕುರ್ಚಿಯಲ್ಲಿ ಕೂತ. ಆಮೇಲೆ ಹೇಳಿದ.

“ಆ ಬನ್ನು ನಾ ಮೂಸಿ ನೋಡಿದ್ದೆ, ಅಕ್ಕಾರ. ಯಾರೋ ಬ್ಯಾಡ ಅಂದ ಆರ್ಡರಿನ ಮಾಲು. ಹುಳಿ ವಾಸನಿ ಹೊಡೀತಿತ್ತು. ಹುಡುಗರಿಗೆ ಏನ್ ತಿಳೀತೈತಿ ಅಂತ ಕಳಿಸಿಬಿಟ್ಟೆ.”

ಹೇಳಿ ಅತ್ತ. ದೊಡ್ಡ ಮನುಷ್ಯ ಅಳುವುದನ್ನು ಕೃಪಾವತಿ ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಆಕೆಯ ಕರುಳು ಕರಗಿತು. ಇದೇ ಅಲ್ಲವೇ ಪಶ್ಚಾತ್ತಾಪ, ಇದಕ್ಕೇ ಅಲ್ಲವೇ ಕರ್ತನು ನನ್ನನ್ನು ಇಲ್ಲಿ ಕೂರಿಸಿದ್ದು ಎಂದುಕೊಂಡಳು. ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಕ್ಷಮೆಯಾಯಿತು, ಸಮಾಧಾನದಿಂದ ಹೋಗಿ ಎಂದಳು. ಅವನು ಸಮಾಧಾನದಿಂದಲೇ ಹೋದ. ಮರುದಿನ ಮೊದಲ ಸಾಲಿನಲ್ಲಿ ನಿಂತು ರೊಟ್ಟಿ ತೆಗೆದುಕೊಂಡ. ಸಲೋಮವ್ವ ಕಡೆಯ ಬೆಂಚಿನಲ್ಲಿ ಕೂತೇ ಇದ್ದಳು.

ಮುಂದಿನ ತಿಂಗಳು ಮತ್ತೆ ಬಂದ. ಅದೇ ಪಾಪ, ಅದೇ ಕಣ್ಣೀರು, ಅದೇ ಪ್ರಾರ್ಥನೆ. ಅದರ ಮುಂದಿನ ತಿಂಗಳೂ ಬಂದ. ಬೇಕರಿಯಲ್ಲಿ ತಟ್ಟೆ ತೊಳೆದಿಟ್ಟ ಹಾಗೆ ತಿಂಗಳಿಗೊಮ್ಮೆ ಮನಸ್ಸು ತೊಳೆಸಿಕೊಂಡು ಹೋಗುತ್ತಿದ್ದ. ಸಲೋಮವ್ವನ ಮನೆಯ ಬಾಗಿಲಿಗೆ ಹೋಗುವ ಮಾತು ಅವನೂ ಎತ್ತಲಿಲ್ಲ, ಕೃಪಾವತಿಯೂ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ? ಒತ್ತಾಯ ಮಾಡಬಾರದು, ತಾನಾಗಿಯೇ ಮನಸ್ಸು ಹಣ್ಣಾಗಬೇಕು ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಅದೊಂದು ಕಾರಣ. ಇನ್ನೊಂದು ಕಾರಣ ಆಕೆಗೆ ಮಾತ್ರ ಗೊತ್ತು: ಊರಿನ ಅಷ್ಟು ದೊಡ್ಡ ಮನುಷ್ಯ ತನ್ನ ಮುಂದೆ ಅಳುತ್ತಾನಲ್ಲ ಎಂಬುದು ಆಕೆಗೆ ಒಳಗೊಳಗೇ ಹಿತವಾಗಿತ್ತು.

ಹೀಗಿರುವಾಗ ಒಂದು ದಿನ ಪರದೆ ಸರಿಯಿತು. ಬಂದವಳು ಸಲೋಮವ್ವ.

ಕೃಪಾವತಿ ಕುರ್ಚಿ ತೋರಿಸಿದಳು. ಆರೋಪ ಹೊರಿಸಿದವರ ಮೇಲೆ ಬೈಗುಳ ಸುರಿಸುತ್ತಾಳೆ, ನ್ಯಾಯ ಕೇಳುತ್ತಾಳೆ ಎಂದುಕೊಂಡಳು. ಅದಾದರೂ ಆಗಿದ್ದರೆ ಚೆನ್ನಾಗಿತ್ತು. ಸಲೋಮವ್ವ ಬಂದದ್ದು ತನ್ನ ಪಾಪ ಒಪ್ಪಿಕೊಳ್ಳಲು.

“ನನ್ನ ಕೈಯಾಗ ಏನೋ ಪಾಪ ಐತ್ರಿ, ಅಕ್ಕಾರ. ಏನಂತ ನಂಗೂ ಗೊತ್ತಿಲ್ಲ. ಕೊತ್ತಂಬರಿ ಸರಿಯಾಗಿ ತೊಳೀಲಿಲ್ಲೇನೋ, ಪಾತೇಲಿ ಬೆಳಗಲಿಲ್ಲೇನೋ. ಇಷ್ಟು ಮಂದಿ ಹೇಳಾಕತ್ತಾರ ಅಂದ್ರ ಸುಳ್ಳಿರತೈತೇನ್ರಿ? ಮಗಳ ಮನಿಗೆ ಹೋದ್ರ ಮೊಮ್ಮಗನ ಬಾಯಿಗೆ ತುತ್ತು ಇಡೂದು ಬಿಟ್ಟೀನಿ. ನನಗ ಕ್ಷಮಾ ಬೇಡಿಕೊಡ್ರಿ.”

ಈಗ ಹೇಳಿ, ಪ್ರಿಯರೇ. ನೀವು ಆ ಕುರ್ಚಿಯಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ? ಎದುರಿಗೆ ಕೂತವಳು ನಿರಪರಾಧಿ ಎಂದು ಗೊತ್ತು. ಹೇಗೆ ಗೊತ್ತು ಎಂದು ಹೇಳುವ ಹಾಗಿಲ್ಲ. ಅತ್ತ ದರಿ, ಇತ್ತ ಪುಲಿ. ನಿನ್ನ ತಪ್ಪಿಲ್ಲ ತಾಯಿ ಎಂದರೆ, ಮತ್ತೆ ಯಾರದು ಎಂಬ ಪ್ರಶ್ನೆ ಬರುತ್ತದೆ. ಸುಮ್ಮನಿದ್ದರೆ ಅವಳು ಅಳುತ್ತಾ ಕೂತಿದ್ದಾಳೆ. ಕಡೆಗೆ ಕೃಪಾವತಿ ಏನು ಮಾಡಿದಳು ಗೊತ್ತೇ? ದಿನವೂ ಮಾಡುತ್ತಿದ್ದುದನ್ನೇ ಮಾಡಿದಳು. ಸಲೋಮವ್ವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಕರ್ತನು ನಿನ್ನನ್ನು ಕ್ಷಮಿಸಿದ್ದಾನೆ ಎಂದುಬಿಟ್ಟಳು.

ಏನು ಕ್ಷಮಿಸಿದ್ದು? ಯಾವುದನ್ನು ಕ್ಷಮಿಸಿದ್ದು? ಮಾಡಿದವನಿಗೂ ಕ್ಷಮೆ, ಮಾಡದವಳಿಗೂ ಕ್ಷಮೆ. ಒಂದೇ ಕೈ, ಒಂದೇ ಪ್ರಾರ್ಥನೆ. ಬಾಯಿಂದ ಆಮೆನ್ ಬಿದ್ದ ಗಳಿಗೆಯಲ್ಲೇ ಕೃಪಾವತಿಗೆ ತಾನು ಮಾಡಬಾರದ್ದನ್ನು ಮಾಡಿದೆ ಎನಿಸಿತು. ಯಾಕೆಂದರೆ ಸಲೋಮವ್ವ ಏಳುವಾಗ ಅವಳ ಮುಖ ಹಗುರಾಗಿರಲಿಲ್ಲ. ಇಷ್ಟು ದಿನ ಪಾಪ ಇದೆಯೋ ಇಲ್ಲವೋ ಎಂಬ ಅನುಮಾನವಾದರೂ ಇತ್ತು. ಕ್ಷಮೆ ಸಿಕ್ಕಿತು ಎಂದ ಮೇಲೆ ಪಾಪ ಇದ್ದದ್ದು ಖಚಿತವಾಯಿತಲ್ಲ. ಅವಳು ಅದನ್ನು ಹೊತ್ತುಕೊಂಡು ಹೋದಳು.

ಅಂದಿನಿಂದ ಕೃಪಾವತಿಗೆ ಅನ್ನ ರುಚಿಸಲಿಲ್ಲ. ನಿಯಮ ಮುರಿಯಲೇ ಎಂದುಕೊಳ್ಳುವಳು. ಮುರಿದರೆ ನಾಳೆ ಆ ಖೋಲಿಗೆ ಯಾರು ಬರುತ್ತಾರೆ, ಹೆಂಡತಿಯನ್ನು ಹೊಡೆದವನು ಬಂದು ಹೇಳುತ್ತಾನೆಯೇ, ಸಾಯಬೇಕು ಎನ್ನಿಸಿದ ಹುಡುಗಿ ಬಂದು ಹೇಳುತ್ತಾಳೆಯೇ ಎಂದು ಹಿಂದೆ ಸರಿಯುವಳು. ಜೀವಕ್ಕೆ ಅಪಾಯವಿದ್ದರೆ ಹೇಳಬಹುದು ಎಂದಿದ್ದರಲ್ಲ, ಹೆಸರು ಹೋಗುವುದೂ ಜೀವ ಹೋಗುವುದೂ ಒಂದೇ ಅಲ್ಲವೇ ಎಂದು ತನ್ನನ್ನೇ ಕೇಳಿಕೊಳ್ಳುವಳು. ಸಭಾಪಾಲಕರ ಬಳಿ ಹೋಗಿ, ಯಾರು ಏನು ಎಂದು ಹೇಳದೆ, ಹೀಗೊಂದು ಸಂದಿಗ್ಧ ಬಂದರೆ ಏನು ಮಾಡಬೇಕು ಎಂದು ಕೇಳಿದಳು. ಅವರು ಗಡ್ಡ ತುರಿಸಿಕೊಂಡು, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಹಾಗೆ ಏನಾದರೂ ನೋಡಿ ಎಂದರು. ಸಭಾಪಾಲಕರನ್ನು ಬೈಯಬೇಡಿ. ಈ ಪ್ರಶ್ನೆಯನ್ನು ನನ್ನನ್ನು ಕೇಳಿದ್ದರೂ ನಾನು ತುರಿಸಿಕೊಳ್ಳುತ್ತಿದ್ದೆ. ನನಗೆ ಗಡ್ಡವಿಲ್ಲ ಅಷ್ಟೇ.

ಒಂದು ದಿನ ಪಕ್ಕದ ಮನೆಯಾಕೆ ಬಂದಳು. ಮಗನ ಮದುವೆ ಗೊತ್ತಾಗಿತ್ತು, ಅಡಿಗೆಗೆ ಯಾರನ್ನು ಹೇಳಬೇಕೆಂದು ಕೇಳಲು ಬಂದಿದ್ದಳು. ಕೂತವಳು ಮಾತಿಗೆ ಮಾತು ಬೆಳೆಸಿ, ಸಲೋಮವ್ವನ ಕೈಯ ರುಚಿ ಇನ್ನೊಬ್ಬರಿಗೆ ಬರುವುದಿಲ್ಲ ಬಿಡಿ, ಸುಗ್ಗಿ ಹಬ್ಬದ ದಿನ ಆ ಪಲ್ಯವನ್ನು ಎರಡೆರಡು ಸಲ ನೀಡಿಸಿಕೊಂಡೆ, ಆದರೆ ಈಗ ಅವಳನ್ನು ಕರೆಯುವುದು ಹೇಗೆ ಎಂದಳು. ಕೃಪಾವತಿ ಅವಳ ಮುಖವನ್ನೇ ನೋಡಿದಳು. ಉಂಡ ಮೇಲೆ ನಿಮಗೇನಾದರೂ ಆಯಿತೇ ಎಂದು ಕೇಳಿದಳು. ನಮಗೇನಾಗುತ್ತದೆ, ಚೆನ್ನಾಗಿಯೇ ಇದ್ದೆವು ಎಂದಳು ಆಕೆ. ಹೇಳಿ, ಯಾರೋ ಬೇರೆ ಅಡಿಗೆಯವರ ಊರು ಕೇಳಿಕೊಂಡು ಹೋದಳು.

ಕೃಪಾವತಿ ಕೂತಲ್ಲೇ ಕೂತಳು. ನಾನೂ ಉಂಡಿದ್ದೆನಲ್ಲ ಎಂದು ಆಕೆಗೆ ಹೊಳೆಯಿತು. ಅದೇ ಅನ್ನ, ಅದೇ ಪಲ್ಯ, ಅದೇ ಹುಗ್ಗಿ. ಮಕ್ಕಳ ಪಕ್ಕದಲ್ಲೇ ಕೂತು ಉಂಡಿದ್ದೆ. ನನಗೆ ಏನೂ ಆಗಲಿಲ್ಲ. ಇದು ಖೋಲಿಯಲ್ಲಿ ಕೇಳಿದ ಗುಟ್ಟೇ? ಅಲ್ಲ. ಇದು ನನ್ನ ನಾಲಿಗೆಗೆ ಗೊತ್ತು, ನನ್ನ ಹೊಟ್ಟೆಗೆ ಗೊತ್ತು. ಶ್ರೀಮಂತನು ಪರದೆ ಸರಿಸಿ ಬರುವ ಮುಂಚೆಯೇ ಗೊತ್ತಿತ್ತು. ಅಂದೇ ಸಭೆಯಲ್ಲಿ ಎದ್ದು ನಿಂತು ಹೇಳಬಹುದಿತ್ತು. ಗುಟ್ಟು ಮುರಿಯಬೇಕೇ ಬೇಡವೇ ಎಂದು ಇಷ್ಟು ದಿನ ಒದ್ದಾಡಿದಳಲ್ಲ, ಹೇಳಲು ಗುಟ್ಟಿನ ಅಗತ್ಯವೇ ಇರಲಿಲ್ಲ. ಆಕೆಗೆ ನಾಚಿಕೆಯಾಯಿತು. ನಿಯಮವನ್ನು ತಾನು ಕಾಪಾಡುತ್ತಿರಲಿಲ್ಲ, ನಿಯಮದ ಹಿಂದೆ ಅಡಗಿ ಕೂತಿದ್ದೆ ಎಂದು ತಿಳಿದು ಅತ್ತಳು.

ಆ ಶನಿವಾರ ಶ್ರೀಮಂತನು ವಾಡಿಕೆಯಂತೆ ಬಂದು ಕೂತು ತಲೆ ಬಗ್ಗಿಸಿದ. ಕೃಪಾವತಿ ಕೈಯೆತ್ತಲಿಲ್ಲ.

“ಈ ಸಲ ನಾ ಪ್ರಾರ್ಥನಾ ಮಾಡಂಗಿಲ್ರಿ, ಸಾವ್ಕಾರ್ರ” ಎಂದಳು. “ಕ್ಷಮಾ ಆತು ಅಂತ ಹೇಳಿದ್ದು ನನ್ನ ತಪ್ಪು. ದೇವರ ಕೂಡ ನಿಮ್ಮ ಲೆಕ್ಕ ಏನೈತೋ ಅದು ಆತನ ಕೈಯಾಗ. ಸಲೋಮವ್ವನ ಕ್ಷಮಾ ಮಾತ್ರ ಸಲೋಮವ್ವನ ಹತ್ರ ಐತಿ. ಸಭಾದ ಮುಂದ ಆಡಿದ ಸುಳ್ಳು ಈ ಖೋಲ್ಯಾಗ ಅತ್ರ ತೊಳದು ಹೋಗಂಗಿಲ್ಲ.”

ಶ್ರೀಮಂತನ ಮುಖ ಕೆಂಪಾಯಿತು. ಹೊರಗೆ ಹೇಳುತ್ತೀರಾ ಎಂದು ಕೇಳಿದ. ನೀವು ಹೇಳಿದ್ದನ್ನು ನಾನು ಸಾಯುವವರೆಗೂ ಯಾರಿಗೂ ಹೇಳುವುದಿಲ್ಲ, ಆದರೆ ನಾನು ಕಂಡದ್ದನ್ನು ಇನ್ನು ಬಚ್ಚಿಡುವುದಿಲ್ಲ ಎಂದಳು ಕೃಪಾವತಿ. ಅವನಿಗೆ ಅರ್ಥವಾಯಿತೋ ಇಲ್ಲವೋ, ಪರದೆಯನ್ನು ಜಗ್ಗಿಕೊಂಡು ಹೊರಟುಹೋದ.

ಮರುದಿನ ಆರಾಧನೆ. ಕಾಣಿಕೆಯ ಮುಂಚೆ ಸಾಕ್ಷಿಯ ಸಮಯ. ನಮ್ಮಲ್ಲಿಯೂ ಇದೆಯಲ್ಲ, ಮಗ ಪಾಸಾದ, ಮೊಣಕಾಲು ನೋವು ವಾಸಿಯಾಯಿತು ಎಂದು ಎದ್ದು ಹೇಳುತ್ತೀರಲ್ಲ, ಅದೇ. ಕೃಪಾವತಿ ಎದ್ದಳು. ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಆ ಗಳಿಗೆಯಲ್ಲೂ ಆಕೆಗೆ ಪೂರ್ತಿ ತಿಳಿದಿರಲಿಲ್ಲ. ತಿಳಿಯುವವರೆಗೆ ಕಾದರೆ ಎಂದೂ ಏಳುವುದಾಗುವುದಿಲ್ಲ ಎಂಬುದಷ್ಟೇ ತಿಳಿದಿತ್ತು.

“ಸುಗ್ಗಿ ಹಬ್ಬದ ದಿವಸ ನಾ ಸಲೋಮವ್ವ ಮಾಡಿದ ಅಡಿಗಿ ಉಂಡೀನಿ” ಎಂದಳು. “ಹೊಟ್ಟಿ ತುಂಬ ಉಂಡೀನಿ. ನನಗ ಏನೂ ಆಗಲಿಲ್ಲ. ಇಷ್ಟು ದಿವಸ ಈ ಮಾತ ಹೇಳದ ಕುಂತಿದ್ದೆ. ಕರ್ತನು ನನ್ನ ಕ್ಷಮಿಸಲಿ. ಇದ ನನ್ನ ಸಾಕ್ಷಿ.”

ಹೇಳಿ ಕೂತಳು. ಆಮೇಲೆ ಗಾಯನ ಮಂಡಳಿಯಿಂದ ಒಬ್ಬ ಮುದುಕರು ಎದ್ದರು. ನಾನೂ ಉಂಡೀನಿ, ನನಗೂ ಏನೂ ಆಗಲಿಲ್ಲ ಎಂದರು. ಪಕ್ಕದ ಮನೆಯಾಕೆ ಎದ್ದಳು. ಸಲೋಮವ್ವನನ್ನು ಮೇಜಿಗೆ ಬರಬೇಡ ಎಂದಿದ್ದ ಹಿರಿಯರಲ್ಲೊಬ್ಬರು ಎದ್ದರು. ಉಂಡವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಉಂಡ ಮನೆಯ ಜಂತೆ ಎಣಿಸಿದ ಜನ, ಪ್ರಿಯರೇ, ಅಂದು ತಲೆ ತಗ್ಗಿಸಿ ಎದ್ದರು. ಶ್ರೀಮಂತನು ಮಾತ್ರ ಏಳಲಿಲ್ಲ. ಅಂದು ರೊಟ್ಟಿಗಾಗಿಯೂ ಏಳಲಿಲ್ಲ.

ಆರಾಧನೆ ಮುಗಿದ ಮೇಲೆ ಸಲೋಮವ್ವ ಕೃಪಾವತಿಯ ಬಳಿಗೆ ಬಂದಳು. ಸಂತೋಷಪಟ್ಟಳು ಎಂದುಕೊಂಡಿರಾ? ಇಲ್ಲ. ಅವಳ ಮುಖದಲ್ಲಿ ಗಲಿಬಿಲಿಯೇ ಇತ್ತು.

“ಹಂಗಾದ್ರ ಅವತ್ತ ನಾ ಕೇಳಿದ ಕ್ಷಮಾ ಯಾವುದಕ್ಕ ಸಿಕ್ತು, ಅಕ್ಕಾರ?”

ಕೃಪಾವತಿ ಅವಳ ಎರಡೂ ಕೈ ಹಿಡಿದುಕೊಂಡಳು. “ಅದು ನೀ ಕೇಳಬೇಕಾದ್ದಲ್ಲ, ತಾಯಿ. ನಾವು ನಿನ್ನ ಹತ್ರ ಕೇಳಬೇಕಾಗಿದ್ದು. ನಾ ಅದನ್ನ ನಿನ್ನ ತಲಿ ಮ್ಯಾಲ ಹೊರಿಸಿ ಕಳಿಸಿದೆ. ನನ್ನ ಕ್ಷಮಿಸು.” ಸಲೋಮವ್ವ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಶ್ರೀಮಂತನೇನಾದ ಎಂದು ಕೇಳುತ್ತೀರಿ. ಅವನು ಮೊದಲು ಒಬ್ಬ ಆಳಿನ ಕೈಯಲ್ಲಿ ಸಲೋಮವ್ವನ ಮನೆಗೆ ಒಂದು ದೊಡ್ಡ ಕೇಕು ಕಳಿಸಿದ. ಅದು ಹೋದ ಹಾಗೆಯೇ ವಾಪಸು ಬಂತು. ಬಹಳ ದಿನ ತಡೆದು, ಒಂದು ಮಧ್ಯಾಹ್ನ ತಾನೇ ಹೋಗಿ ಬಾಗಿಲಲ್ಲಿ ನಿಂತ. ನಿಂತಲ್ಲೇ ಎಲ್ಲವನ್ನೂ ಹೇಳಿದ. ಬನ್ನು ಮೂಸಿದ್ದನ್ನೂ ಹೇಳಿದ, ಸುಳ್ಳು ಹೇಳಿದ್ದನ್ನೂ ಹೇಳಿದ. ಸಲೋಮವ್ವ ಕೇಳಿಸಿಕೊಂಡಳು. ಒಳಗೆ ಹೋಗಿ ತಾಟಿನಲ್ಲಿ ರೊಟ್ಟಿ ಪಲ್ಯ ಹಾಕಿಕೊಂಡು ಬಂದು ಅವನ ಮುಂದಿಟ್ಟಳು. “ಉಣ್ರಿ” ಎಂದಳು, ಅಷ್ಟೇ. ಅವಳ ಅಡಿಗೆಯನ್ನು ವಿಷವೆಂದು ಸಭೆಗೆಲ್ಲ ಸಾರಿದವನು ಅವಳ ಎದುರಿಗೆ ಕೂತು ಉಂಡ. ಎದ್ದು ಹೋಗಿ, ಮುಂದಿನ ಭಾನುವಾರ ಸುಳ್ಳು ಹೇಳಿದ ಜಾಗದಲ್ಲೇ ನಿಂತು ನಿಜ ಹೇಳಿದ. ಸಲೋಮವ್ವ ಆ ದಿನ ಮೇಜಿಗೆ ಬಂದಳು.

ಕೃಪಾವತಿ ಮಾಡಿದ್ದು ಸರಿಯೇ? ನಾನು ಓದಿದವರನ್ನು ಕೇಳಿದ್ದೇನೆ. ಒಬ್ಬರು, ಅವಳು ಸುತ್ತುಬಳಸಿ ಗುಟ್ಟನ್ನೇ ಮುರಿದಳು ಎನ್ನುತ್ತಾರೆ. ಇನ್ನೊಬ್ಬರು, ಬಹಳ ತಡ ಮಾಡಿದಳು ಎನ್ನುತ್ತಾರೆ. ನನಗೂ ಪೂರ್ತಿ ಬಗೆಹರಿದಿಲ್ಲ, ಬಗೆಹರಿದಿದೆ ಎಂದು ನಿಮ್ಮ ಮುಂದೆ ನಟಿಸುವುದೂ ಇಲ್ಲ. ಆದರೆ ಗಲಿಬಿಲಿ ಇಲ್ಲದ ಮಾತೂ ಒಂದಿದೆ, ಅದನ್ನು ಹೇಳಲೇಬೇಕು. ಈಗ ಬೆನ್ನು ನೆಟ್ಟಗೆ ಮಾಡಿ ಕೂರಿ.

ನೀವು ಶ್ರೀಮಂತರಲ್ಲ, ಸರಿ. ಬೇಕರಿ ಇಲ್ಲ, ಸರಿ. ಆದರೆ ಅವಳ ಅಡಿಗೆ ಉಂಡವರು ನೀವಲ್ಲವೇ? ಮನೆಯಲ್ಲಿ ಸೊಸೆಯ ಮೇಲೆ ಇಲ್ಲದ ಮಾತು ಬಂದಾಗ ಪಡಸಾಲೆಯಲ್ಲಿ ಕೂತು ಪೇಪರ್ ಓದಿದವರು ನೀವಲ್ಲವೇ? ಆಫೀಸಿನಲ್ಲಿ ಸಾಹೇಬರ ತಪ್ಪನ್ನು ಪಕ್ಕದ ಮೇಜಿನವನ ತಲೆಗೆ ಕಟ್ಟಿದಾಗ ಚಹಾ ಕುಡಿದವರು ನೀವಲ್ಲವೇ? ಆಮೇಲೆ ಮನೆಗೆ ಬಂದು ಮೊಣಕಾಲೂರಿ, ಕರ್ತನೇ ಕ್ಷಮಿಸು ಎಂದು ಅತ್ತಿರಿ. ಅಳಬೇಡಿ ಎನ್ನುವುದಿಲ್ಲ. ಅತ್ತ ಮೇಲೆ ಎದ್ದು ಹೋಗಿ. ಹತ್ತು ಜನರ ಮುಂದೆ ಕೆಡಿಸಿದ ಹೆಸರನ್ನು ಹತ್ತು ಜನರ ಮುಂದೆಯೇ ಸರಿಪಡಿಸಿ. ನಮ್ಮಲ್ಲಿ ಯಾರು ಇನ್ನೊಬ್ಬರ ಕಷ್ಟ ಕೇಳುವ ಕುರ್ಚಿಯಲ್ಲಿ ಕೂರುತ್ತೀರೋ, ಗುಟ್ಟು ಕಾಪಾಡಿ, ಪ್ರಾಣ ಹೋದರೂ ಕಾಪಾಡಿ. ಆದರೆ ನೋವುಂಡವರ ಪಾಲಿನ ಕ್ಷಮೆಯನ್ನು ನೀವು ಹಂಚಬೇಡಿ. ನೊಂದು ಬಂದವರ ಬಾಯಿಂದ, ನನ್ನದೇ ತಪ್ಪಿರಬೇಕು ಎಂಬ ಮಾತು ಬಂದಾಗ ಅವಸರದಿಂದ ಆಮೆನ್ ಎನ್ನಬೇಡಿ.

ಕರ್ತನ ಮೇಜು ಸಿದ್ಧವಾಗಿದೆ. ಇಂದು ನಾನು ಕೂಡಲೇ ನಿಮ್ಮನ್ನು ಕರೆಯುವುದಿಲ್ಲ. ಸ್ವಲ್ಪ ಹೊತ್ತು ಇಲ್ಲಿ ಕೂತುಕೊಳ್ಳುತ್ತೇನೆ. ಗಡಿಯಾರ ನೋಡಬೇಡಿ, ಮನೆಯ ಸಾರು ಆರಿದರೆ ಬಿಸಿ ಮಾಡಿಕೊಂಡರಾಯಿತು. ಯಾರ ಬೆಂಚಿನ ಬಳಿಗೆ ಹೋಗಬೇಕೆಂದು ನಿಮಗೆ ಗೊತ್ತಿದೆ, ಅವರೂ ಇಲ್ಲೇ ಕೂತಿದ್ದಾರೆ. ಏಳಿ, ಮೊದಲು ಅಲ್ಲಿಗೆ ಹೋಗಿ ಬನ್ನಿ.